ಸ್ಟುಡಿಯೋ ಸ್ವರ

ಎಸ್.ಎಸ್. ಬಡಾವಣೆ, ದಾವಣಗೆರೆ
14 ಜುಲೈ 1987

ಮಾಮುವಿಗೆ ಜಾಫರನ ಸಲಾಂ.

ಹರಿಹರಕ್ಕೆ ಅರ್ಧ ಗಂಟೆಯ ಬಸ್ಸು, ಆದರೂ ಕಾಗದ ಬರೆಯುತ್ತಿದ್ದೇನೆ. ಕಳೆದ ವಾರ ನಿಮ್ಮ ರಿಪೇರಿ ಅಂಗಡಿಗೆ ಬಂದಾಗ ನಾನು ಮೂರು ಸಲ ಕೂಗಿ ಹೇಳಿದ್ದಕ್ಕೆ ನೀವು "ಹೌದೌದು, ಈ ವರ್ಷ ಮಳೆ ಕಮ್ಮೀನೇ ಐತೆ" ಅಂದಿರಿ. ಮುಮಾನಿ ನಕ್ಕರು, ನನಗೆ ನಗು ಬರಲಿಲ್ಲ. ಕಾಗದವಾದರೆ ಎರಡು ಸಲ ಓದಿಕೊಳ್ಳುತ್ತೀರಿ.

ವಿಷಯ ಹಾರ್ಮೋನಿಯಂದು. ದುಬೈಯಿಂದ ತಂದ ಸ್ಟುಡಿಯೋ ಸಾಮಾನನ್ನೆಲ್ಲ ಜೋಡಿಸಿ ಆಯಿತು. ಗೋಡೆಗೆ ಗೋಣಿಚೀಲ, ಹಳೇ ಕೌದಿ ಹೊಡೆದಿದ್ದೇನೆ. ಒಂದು ಕಡೆ ನಾಲ್ಕು ಟ್ರ್ಯಾಕಿನ ಟೇಪ್ ರೆಕಾರ್ಡರ್. ಇನ್ನೊಂದು ಕಡೆ ನಾನೇ ಬೆಸುಗೆ ಹಾಕಿ ಕಟ್ಟಿದ, ಕರೆಂಟಿನಿಂದ ದನಿ ಹುಟ್ಟಿಸುವ ಮಾಡ್ಯುಲರ್ ಸಿಂಥ್, ಅದೇ, ಮೈತುಂಬ ವೈರು ಚುಚ್ಚುವ ಬೀರು, ನೀವು ಟೆಲಿಫೋನ್ ಎಕ್ಸ್‌ಚೇಂಜ್ ಎಂದು ಹೆಸರಿಟ್ಟಿದ್ದೀರಲ್ಲ. ಅದರ ಮೇಲೆ ಸ್ಯಾಂಪ್ಲರ್. ಇದಕ್ಕೆ ಹಾರ್ಮೋನಿಯಂನಂತೆ ಬೆರಳಿಟ್ಟು ಒತ್ತುವ ಮನೆಗಳೂ ಇಲ್ಲ, ಗಾಳಿ ಹಾಕುವ ತಿದಿಯೂ ಇಲ್ಲ, ಬರೀ ಒಂದು ಕಪ್ಪು ಡಬ್ಬಿ. ಮೈಕಿನಲ್ಲಿ ಯಾವ ದನಿ ಕೊಟ್ಟರೂ ಎರಡು ಸೆಕೆಂಡಿನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಪಕ್ಕದ ಕೀಬೋರ್ಡಿನಲ್ಲಿ ಯಾವ ಮನೆ ಒತ್ತಿದರೂ ಅದೇ ದನಿಯನ್ನು ಆ ಸ್ವರದಲ್ಲಿ ನುಡಿಸುತ್ತದೆ. ಒತ್ತಿ ಹಿಡಿದರೆ ಆ ಎರಡು ಸೆಕೆಂಡನ್ನೇ ತಿರುಗಿಸಿ ತಿರುಗಿಸಿ ಹೊರಡಿಸುತ್ತದೆ.

ಲೋಕಿಕೆರೆಯ ಕೊಟ್ರವ್ವ ಬಂದಿದ್ದಳು. ನಾಟಕ ಕಂಪನಿಯಲ್ಲಿ ಮೂವತ್ತು ವರ್ಷ ಹಾಡಿದ ಹೆಂಗಸಿನ ಒಂದೇ ಒಂದು ಹಾಡೂ ಎಲ್ಲಿಯೂ ಉಳಿದಿಲ್ಲ, ರೇಡಿಯೋದಲ್ಲಿಲ್ಲ, ಗ್ರಾಮಫೋನ್ ತಟ್ಟೆಯಲ್ಲಿಲ್ಲ. ಈಗ ಅರವತ್ತೊಂದು. "ಮುಂದಿನ ವರ್ಷಕ್ಕೆ ಈ ಗಂಟಲು ಇರಂಗಿಲ್ಲಪ್ಪ. ಈ ಸಲ ಹಿಡಕಂಡ್ರೆ ಹಿಡಕಂಡೆ" ಎಂದಳು. ತನ್ನ ಹಾರ್ಮೋನಿಯಂ ಪೆಟ್ಟಿಗೆಯೇ ಬೇಕು, ತಾನೇ ನುಡಿಸಬೇಕು ಅನ್ನುತ್ತಾಳೆ. ಆದರೆ ಎಡಗೈಯಲ್ಲಿ ತಿದಿ ಒತ್ತಿದರೆ ಎದೆ ಏದುಸಿರು ಬಿಡುತ್ತದೆ, ಅದೆಲ್ಲ ಮೈಕಿನಲ್ಲಿ ಬೀಳುತ್ತದೆ. ಅದಕ್ಕೇ ಪೆಟ್ಟಿಗೆಯ ದನಿಯನ್ನು ಸ್ಯಾಂಪ್ಲರಿಗೆ ಹಿಡಿದುಕೊಟ್ಟರೆ ಅವಳು ಸುಮ್ಮನೆ ಕೀಬೋರ್ಡು ಮುಟ್ಟಿಕೊಂಡು ಹಾಡಬಹುದು ಎಂದುಕೊಂಡೆ.

ಹಿಡಿದೆ. ಸರಿಹೋಗಲಿಲ್ಲ. ಅದರಲ್ಲಿ ಒಂದೊಂದು ಮನೆಗೂ ಎರಡು ಸಾಲು ಹಿತ್ತಾಳೆ ರೀಡು, ಎರಡನೆಯ ಸಾಲಿನ ಸ್ವರವನ್ನು ನೀವು ಕೂದಲೆಳೆಯಷ್ಟು ಏರಿಸಿಟ್ಟಿದ್ದೀರಿ. ಎರಡೂ ಒಟ್ಟಿಗೆ ನುಡಿದಾಗ ಹುಟ್ಟುವ ನಡುಗುವ ಅಲೆ ಎರಡು ಸೆಕೆಂಡಿನ ಜೋಡಣೆಗೆ ಸಿಗುವುದಿಲ್ಲ. ತಿರುಗಿದಾಗಲೆಲ್ಲ ದನಿ ಎಡವುತ್ತದೆ. ಮೇಲಿನ ಮನೆಯಲ್ಲಿ ಅಲೆ ಓಡುತ್ತದೆ, ಕೆಳಗಿನ ಮನೆಯಲ್ಲಿ ತೆವಳುತ್ತದೆ. ಎರಡೂ ಸಾಲನ್ನು ಒಂದೇ ಸ್ವರಕ್ಕೆ ತಂದು, ಅಲೆ ಒಂದಿಷ್ಟೂ ಇಲ್ಲದಂತೆ ಮಾಡಿಕೊಡಬೇಕು. ಕೊಟ್ರವ್ವ ಒಪ್ಪಿದ್ದಾಳೆ. ನಿಮ್ಮ ಕೈಯಾದರೆ ಅವಳಿಗೆ ಭಯವಿಲ್ಲವಂತೆ.

ನಿಮ್ಮ
ಜಾಫರ್

*

ಹರಿಹರ
19 ಜುಲೈ 1987

ಜಾಫರನಿಗೆ ಮಾಮುವಿನ ದುವಾ.

ಎರಡು ಸಲ ಅಲ್ಲ, ಒಂದೇ ಸಲ ಓದಿದೆ. ಸಿಟ್ಟು ಬರುವುದಕ್ಕೆ ಅಷ್ಟು ಸಾಕಾಯಿತು.

ಯಂತ್ರಕ್ಕೆ ಪೆಟ್ಟಿಗೆ ಒಗ್ಗದಿದ್ದರೆ ಯಂತ್ರವನ್ನು ರಿಪೇರಿ ಮಾಡಬೇಕೋ ಪೆಟ್ಟಿಗೆಯನ್ನೋ? ನಿನಗೆ ಅಂಗಿ ಬಿಗಿಯಾದರೆ ತೋಳು ಕತ್ತರಿಸಿಕೊಳ್ಳುತ್ತೀಯೇನು?

ಆ ಅಲೆಗೆ ನಮ್ಮ ಕೆಲಸದಲ್ಲಿ ಲಹರಿ ಎನ್ನುತ್ತೇವೆ. ಕೊಟ್ರವ್ವನ ಪೆಟ್ಟಿಗೆಗೆ ನಾನು ಅದನ್ನು ಇಟ್ಟದ್ದು ಐವತ್ತೈದರಲ್ಲಿ. ಕಂಪನಿ ಹರಿಹರದಲ್ಲಿ ಮೊಕ್ಕಾಂ ಮಾಡಿತ್ತು. ಪೆಟ್ಟಿಗೆ ನನ್ನ ದನಿ ನುಂಗುತ್ತದೆ ಎಂದು ಅಳುತ್ತ ಬಂದಳು. ಮೂರು ದಿನ ಎದುರಿಗೆ ಕೂರಿಸಿ ಹಾಡಿಸಿದೆ. ಅವಳ ಗಂಟಲು ಎಲ್ಲೆಲ್ಲಿ ನಡುಗುತ್ತದೋ ಅಲ್ಲಲ್ಲಿ ಪೆಟ್ಟಿಗೆಯೂ ನಡುಗುವಂತೆ ಒಂದೊಂದು ಮನೆಯನ್ನೂ ಬೇರೆ ಬೇರೆ ಇಟ್ಟೆ. ಮೂವತ್ತೇಳು ಮನೆ. ಆಗ ನನಗೆ ಕಿವಿ ಇತ್ತು.

ಆಮೇಲೆ ಮಿಲ್ಲಿನ ಮಗ್ಗದ ಶೆಡ್ಡಿನಲ್ಲಿ ಹನ್ನೊಂದು ವರ್ಷ ನಿಂತು ಅದನ್ನು ಕಳೆದುಕೊಂಡದ್ದು ನಿನಗೂ ಗೊತ್ತು, ಊರಿಗೂ ಗೊತ್ತು. ಆದರೂ ಕೆಲಸ ಬಿಟ್ಟಿಲ್ಲ. ಬೇವಿನ ಕಡ್ಡಿಯ ಒಂದು ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಇನ್ನೊಂದು ತುದಿಯನ್ನು ರೀಡಿನ ಪಟ್ಟಿಯ ಮೇಲಿಟ್ಟರೆ ಲಹರಿ ನೇರವಾಗಿ ದವಡೆಗೆ ಬರುತ್ತದೆ. ಕಿವಿಗಿಂತ ಚೊಕ್ಕ. ಈಗ ನನಗೆ ಈ ಲೋಕದಲ್ಲಿ ನೆಟ್ಟಗೆ ಕೇಳುವುದು ಅದೊಂದೇ, ಅದನ್ನೇ ತೆಗೆದುಹಾಕು ಅನ್ನುತ್ತೀಯ.

ಅದು ಪ್ಯಾರಿಸ್ ರೀಡು. ಕಾನಸಿನಲ್ಲಿ, ಆ ಸಣ್ಣ ಅರದಲ್ಲಿ, ಒಮ್ಮೆ ಉಜ್ಜಿದರೆ ಹೋದ ಹಿತ್ತಾಳೆ ವಾಪಸ್ಸು ಬರುವುದಿಲ್ಲ, ಬೇರೆ ತರೋಣವೆಂದರೆ ಈಗ ಎಲ್ಲಿಯೂ ಇಲ್ಲ. ಆಗುವುದಿಲ್ಲ ಎಂದು ಕೊಟ್ರವ್ವನಿಗೆ ಹೇಳು. ಮುಮಾನಿ ಶಮೀಮ್‌ಗೆ ಮಾವಿನ ಉಪ್ಪಿನಕಾಯಿ ತೆಗೆದಿಟ್ಟಿದ್ದಾಳೆ, ಹೆಂಡತಿಯನ್ನು ಕರೆದುಕೊಂಡು ಬಾ.

ಹುಸೇನ್ ಮಾಮು

*

ದಾವಣಗೆರೆ
27 ಜುಲೈ 1987

ಮಾಮುವಿಗೆ ಸಲಾಂ.

ಉಪ್ಪಿನಕಾಯಿ ಜಾಡಿ ತಂದು ಕೊಟ್ಟವರ ಕೈಯಲ್ಲಿ ಹೇಳಿ ಕಳಿಸಬಹುದಿತ್ತು, ಆದರೆ ಇದು ಹೇಳಿ ಕಳಿಸುವ ಮಾತಲ್ಲ.

ನಿನ್ನೆ ಕೊಟ್ರವ್ವ ಮತ್ತೆ ಬಂದಳು. ಪೆಟ್ಟಿಗೆ ನುಡಿಸುತ್ತ ಹಾಡಿಸಿ ನೋಡಿದೆ. ಎರಡನೇ ಸಾಲಿಗೇ ತಿದಿ ಬಿಟ್ಟು ಎದೆ ಹಿಡಿದುಕೊಂಡಳು. ಬೇರೆಯವರು ನುಡಿಸಲಿ ಅಂದರೆ, ತನ್ನ ಉಸಿರು ಎಲ್ಲಿ ನಿಲ್ಲುತ್ತದೆಂದು ತಿಳಿದ ಮಾಸ್ತರುಗಳೆಲ್ಲ ಮಣ್ಣಾದರು ಅನ್ನುತ್ತಾಳೆ. ಸ್ಯಾಂಪ್ಲರ್ ಬಿಟ್ಟರೆ ದಾರಿಯಿಲ್ಲ. ನೀವು ಕೈಬಿಟ್ಟರೆ ಪೆಟ್ಟಿಗೆಯಲ್ಲಿ ಲಹರಿ ಉಳಿಯುತ್ತದೆ, ಅವಳ ಹಾಡು ಉಳಿಯುವುದಿಲ್ಲ. ಯಾವುದು ಹೆಚ್ಚು, ನೀವೇ ಹೇಳಿ.

ಲಹರಿಯನ್ನು ಆಮೇಲೆ ನಾನು ಸಿಂಥ್‌ನಿಂದ ಹಾಕಿಕೊಡುತ್ತೇನೆ. ಒಂದು ವೈರು ಚುಚ್ಚಿದರೆ ದನಿ ಎಷ್ಟು ಬೇಕಾದರೂ ನಡುಗುತ್ತದೆ. ನನ್ನ ಮೇಲೆ ನಂಬಿಕೆಯಿಡಿ. ಪೆಟ್ಟಿಗೆಯನ್ನು ಬುಧವಾರ ನಾನೇ ತಂದು ಅಂಗಡಿಯಲ್ಲಿ ಇಳಿಸುತ್ತೇನೆ, ಬೇಡವೆಂದರೆ ಹಾಗೇ ಹೊತ್ತುಕೊಂಡು ಬರುತ್ತೇನೆ.

ಜಾಫರ್

*

ಹರಿಹರ
11 ಆಗಸ್ಟ್ 1987

ಜಾಫರನಿಗೆ ದುವಾ.

ಮುಗಿಯಿತು. ಬಂದು ತೆಗೆದುಕೊಂಡು ಹೋಗು.

ಒಂಬತ್ತು ದಿನ ಹಿಡಿಯಿತು. ಮೊದಲ ದಿನ ಪೆಟ್ಟಿಗೆ ಬಿಚ್ಚಿ ಸುಮ್ಮನೆ ಕೂತಿದ್ದೆ. ಎರಡನೇ ದಿನ ಕೆಳಗಿನ ಮನೆಗಳಿಂದ ಶುರು ಮಾಡಿದೆ. ಉಜ್ಜಿದಂತೆ ಉಜ್ಜಿದಂತೆ ಅಲೆ ಉದ್ದವಾಗುತ್ತದೆ, ಮೊದಲು ಸೆಕೆಂಡಿಗೆ ಐದು, ಆಮೇಲೆ ಮೂರು, ಒಂದು, ಆಮೇಲೆ ಒಂದು ಉಸಿರಿಗೊಂದು. ಕೊನೆಗೆ ನಿಂತುಬಿಡುತ್ತದೆ. ಹಲ್ಲಿನಲ್ಲಿ ಬರೀ ಒಂದು ನೇರ ಗೆರೆ ಉಳಿಯುತ್ತದೆ. ಇಷ್ಟು ವರ್ಷ ಯಾವ ಪೆಟ್ಟಿಗೆಯನ್ನೂ ನಾನು ಹೀಗೆ ಮಾಡಿದವನಲ್ಲ, ಮಾಡೆಂದು ಯಾರೂ ಕೇಳಿದವರೂ ಇಲ್ಲ.

ಮೇಲಿನ ಮನೆಗಳು ಕಷ್ಟವಾಗುತ್ತವೆಂದು ಹೆದರಿದ್ದೆ. ಅಲ್ಲಿ ರೀಡು ಉಗುರಿನಷ್ಟು. ಆದರೆ ಎಷ್ಟೋ ಜೋಡಿಗಳಲ್ಲಿ ನಾಲ್ಕು ಸಲ ಕಾನಸು ಆಡಿಸುವಷ್ಟರಲ್ಲಿ ಅಲೆ ತಟ್ಟನೆ ನಿಂತಿತು. ಅರವತ್ತಾರಾದರೂ ಕೈ ಇನ್ನೂ ನನ್ನ ಮಾತು ಕೇಳುತ್ತದೆ. ನಿನಗೆ ಸುಳ್ಳು ಯಾಕೆ ಹೇಳಲಿ, ಸಂತೋಷವಾಯಿತು.

ನಿನ್ನ ಮುಮಾನಿ ಮಾತ್ರ ಅಡಿಗೆಮನೆಯಿಂದ ಬಂದು ನನ್ನ ಕಿವಿಗೆ ಬಾಯಿಟ್ಟು, "ಯಾಕೋ ದಮ್ಮು ಕಟ್ಟಿದಂಗೆ ನುಡೀತೈತಲ್ರೀ" ಅಂದಳು. ನಲವತ್ತು ವರ್ಷ ಲಹರಿ ಕೇಳಿದವಳಿಗೆ ಈಗ ಹಾಗೇ ಅನ್ನಿಸಬೇಕು. ಮಾಬೂಬೀ, ಇದು ಸ್ಟುಡಿಯೋ ಸ್ವರ, ನಿನಗೆ ತಿಳಿಯುವುದಿಲ್ಲ ಎಂದು ಕಳಿಸಿದೆ.

ಕೊಟ್ರವ್ವ ಹಾಡಿದ ದಿನವೇ ಬರೆ.

ಹುಸೇನ್ ಮಾಮು

*

ದಾವಣಗೆರೆ
20 ಆಗಸ್ಟ್ 1987

ಮಾಮುವಿಗೆ ಸಾವಿರ ಸಲಾಂ.

ಏನು ಕೈ ಮಾಮು ನಿಮ್ಮದು! ಒಂದೊಂದು ಮನೆಯನ್ನೂ ಬೇರೆ ಬೇರೆ ಹಿಡಿದೆ. ಜೋಡಣೆ ಮೊದಲ ಸಲಕ್ಕೇ ಕೂತಿತು. ಒತ್ತಿ ಹಿಡಿದು ಬೀಡಿ ಸೇದಿ ಬಂದರೂ ದನಿ ಹಾಗೇ ನಿಂತಿರುತ್ತದೆ, ಒಂದು ಗೀರಿಲ್ಲ. ನಾಲ್ಕೈದು ಸ್ವರ ಸ್ವಲ್ಪ ಏರಿದ್ದವು, ಸ್ಯಾಂಪ್ಲರಿನಲ್ಲಿ ಗುಂಡಿ ತಿರುಗಿಸಿ ಇಳಿಸಿಕೊಂಡೆ. ಕೆಲವು ತೆಳ್ಳಗಿದ್ದವು, ಅವುಗಳ ದನಿ ಏರಿಸಿದೆ. ಗರಗರ ಸದ್ದನ್ನು ಸಿಂಥ್‌ನ ಫಿಲ್ಟರಿನಲ್ಲಿ ಹಾಯಿಸಿ ಸೋಸಿದೆ.

ಸ್ಯಾಂಪ್ಲರಿನ ದನಿ ತುಂಬಿಡಲು ನನ್ನ ಹತ್ತಿರ ಉಳಿದಿರುವುದು ಎರಡೇ ಫ್ಲಾಪಿ. ಮೊದಲು ಹಿಡಿದ ಎಡವುವ ದನಿಯನ್ನು ಅಳಿಸಿ ಅದರ ಮೇಲೇ ಇದನ್ನು ತುಂಬಿದೆ. ಕೊಟ್ರವ್ವ ಗಣಪತಿ ಹಬ್ಬ ಮುಗಿಸಿ ಬರುತ್ತಾಳೆ. ಎಂಟು ಹಾಡು ಆರಿಸಿಕೊಂಡಿದ್ದಾಳೆ.

ಜಾಫರ್

*

ಹರಿಹರ
17 ಸೆಪ್ಟೆಂಬರ್ 1987

ಜಾಫರನಿಗೆ ದುವಾ.

ಹಬ್ಬ ಮುಗಿದು ಗಣಪತಿ ಹೊಳೆ ಸೇರಿದ. ನಿನ್ನಿಂದ ಒಂದು ಕಾರ್ಡಿಲ್ಲ. ಹಾಡಿದಳೋ ಇಲ್ಲವೋ?

ಇಲ್ಲಿ ಒಂದು ತಮಾಷೆ. ಕವ್ವಾಲಿ ಮೇಳದ ಅಲ್ಲಾಬಕ್ಷ್ ಬಂದಿದ್ದ. ಸ್ಟುಡಿಯೋದವರು ಪೆಟ್ಟಿಗೆಯನ್ನು ನನ್ನ ಹತ್ತಿರ ತಂದದ್ದನ್ನು ಯಾರೋ ಅವನಿಗೆ ಹೇಳಿದ್ದಾರೆ, ನಾನೇ ಹೇಳಿರಬೇಕು. "ನಮ್ಮ ಪೆಟ್ಟಿಗೀನೂ ಕ್ಯಾಸೆಟ್ಟಿನಾಗೆ ನುಡಿದಂಗೆ ಮಾಡಿಕೊಡ್ರಿ ಚಾಚಾ" ಎಂದು ಇಳಿಸಿಹೋದ. ನೀನು ಬರೆಯದಿದ್ದರೇನು, ನಿನ್ನ ಯಂತ್ರ ನನಗೆ ಹೆಸರು ತಂದಿತು.

ಹುಸೇನ್ ಮಾಮು

*

ಲೋಕಿಕೆರೆ
22 ಸೆಪ್ಟೆಂಬರ್ 1987

ಜಾಫರನಿಗೆ ಕೊಟ್ರವ್ವ ಮಾಡುವ ಆಶೀರ್ವಾದ.

ಮೊನ್ನೆ ನಿನ್ನ ಸ್ಟುಡಿಯೋದಿಂದ ಮಾತಾಡದೆ ಎದ್ದು ಬಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ನಿನ್ನ ಮೇಲೆ ಸಿಟ್ಟಲ್ಲ. ಅಲ್ಲಿ ಬಾಯಿ ಬಿಟ್ಟಿದ್ದರೆ ಅಳುತ್ತಿದ್ದೆ, ಅದಕ್ಕೆ.

ನಿನ್ನ ಕೀಬೋರ್ಡಿನ ದನಿ ಬಲು ಚೊಕ್ಕ. ಅದೇ ತೊಂದರೆಯಾಯಿತು. ಅದು ಅಲ್ಲಾಡದೆ ನಿಂತಿರುವಾಗ ನನ್ನ ದನಿಯ ನಡುಕ ಎದ್ದು ಕಾಣುತ್ತದೆ. ಮೂವತ್ತೆರಡು ವರ್ಷ ಪೆಟ್ಟಿಗೆ ನನ್ನ ಜೊತೆ ನಡುಗುತ್ತಿತ್ತು, ಹಾಗಾಗಿ ಅದು ನಡುಕವೆಂದು ನನಗೇ ಗೊತ್ತಿರಲಿಲ್ಲ, ಹಾಡೆಂದು ತಿಳಿದಿದ್ದೆ. ನೀನು ಟೇಪು ತಿರುಗಿಸಿ ಕೇಳಿಸಿದಾಗ ಯಾವುದೋ ಮುದುಕಿ ಚಳಿಯಲ್ಲಿ ಹಾಡಿದಂತಿತ್ತು. ಆಮೇಲೆ ನೀನು ವೈರು ಚುಚ್ಚಿ ದನಿಗೆ ನಡುಕ ಹಾಕಿದೆ. ಎಲ್ಲಾ ಮನೆಗೂ ಒಂದೇ ನಡುಕ. "ಫ್ಯಾನಿನ ಮುಂದೆ ಕೂತು ಹಾಡಿದಂಗೆ ಐತಲ್ಲೋ" ಎಂದು ನಾನು ನಕ್ಕದ್ದು ನೆನಪಿದೆಯಲ್ಲ, ಅದು ನಗುವಲ್ಲ.

ಕೊನೆಗೆ ಏದುಸಿರು ಬಂದರೂ ಬರಲಿ, ನನ್ನ ಪೆಟ್ಟಿಗೆಯನ್ನೇ ಕೊಡು ಎಂದು ನುಡಿಸಿದೆನಲ್ಲ, ಆಗ ನಿನ್ನ ಮುಖ ನೋಡಿದೆ. ನೀನೇ ಹೊದಿಕೆ ಬಿಚ್ಚಿ ಬೆರಳಿಟ್ಟು ಎಣಿಸಿದೆ. ಹದಿನಾಲ್ಕು ಮನೆಗಳಲ್ಲಿ ಒಂದು ಸಾಲಿನ ರೀಡು ಸತ್ತಿದೆ. ಹುಸೇನಣ್ಣನ ಕೈಯಲ್ಲಿ ಇಂಥದು ಆಗುತ್ತದೆಂದು ದೇವರು ಬಂದು ಹೇಳಿದ್ದರೂ ನಾನು ನಂಬುತ್ತಿರಲಿಲ್ಲ.

ಅವನಿಗೆ ಹೇಳಬೇಡ. ಕಿವಿ ಹೋದಾಗ ಅವನು ಹೇಗಿದ್ದನೆಂದು ನಾನು ಕಂಡಿದ್ದೇನೆ. ಕೈಯೂ ಹೋಯಿತೆಂದು ತಿಳಿದರೆ ಅವನು ಉಳಿಯುವುದಿಲ್ಲ. ನನ್ನದು ಹೇಗೂ ಮುಗಿದ ಗಂಟಲು. ಪೆಟ್ಟಿಗೆ ನಿನ್ನಲ್ಲೇ ಇರಲಿ, ಇಲ್ಲಿದ್ದರೆ ದಿನಾ ಕೈ ಹೋಗುತ್ತದೆ.

ಕೊಟ್ರವ್ವ

*

ದಾವಣಗೆರೆ
5 ಅಕ್ಟೋಬರ್ 1987

ಮಾಮುವಿಗೆ ಸಲಾಂ.

ಕೊಟ್ರವ್ವನ ಹಾಡು ಚೆನ್ನಾಗಿ ಬಂದಿದೆ. ಕ್ಯಾಸೆಟ್ಟು ಹೊರಗೆ ಬರಲು ಸ್ವಲ್ಪ ದಿನ ಹಿಡಿಯುತ್ತದೆ, ಮೇಲಿನ ಚಿತ್ರ ಅಚ್ಚಾಗಬೇಕು. ಕೆಲಸ ಜಾಸ್ತಿಯಾಗಿ ಬರೆಯಲಾಗಲಿಲ್ಲ. ಶಮೀಮ್ ಮುಮಾನಿಯನ್ನು ಕೇಳಿದ್ದಾಳೆ.

ಜಾಫರ್

*

ಹರಿಹರ
14 ನವೆಂಬರ್ 1987

ಜಾಫರನಿಗೆ ದುವಾ.

ನಿನ್ನ ನಾಲ್ಕು ಸಾಲಿನ ಕಾಗದವನ್ನು ಅಂಗಡಿಯ ಕನ್ನಡಿಯ ಸಂದಿಗೆ ಸಿಕ್ಕಿಸಿದ್ದೇನೆ. ಬಂದವರೆಲ್ಲ ಓದುತ್ತಾರೆ. ಬೋರ್ಡು ಬರೆಯುವವನನ್ನು ಕರೆಸಿ ಅಂಗಡಿಯ ಮೇಲೆ 'ಇಲ್ಲಿ ಸ್ಟುಡಿಯೋ ಸ್ವರ ಇಟ್ಟುಕೊಡಲಾಗುವುದು' ಎಂದು ಬರೆಸಿದೆ. ಹಳದಿ ಬಣ್ಣದಲ್ಲಿ. ಮುಮಾನಿ ಮುದಿತನಕ್ಕೆ ಹುಚ್ಚು ಹಿಡಿದಿದೆ ಅನ್ನುತ್ತಾಳೆ. ಹಿಡಿಯಲಿ ಬಿಡು.

ಅಲ್ಲಾಬಕ್ಷನದು ಮುಗಿಸಿದೆ. ಅದಾದ ಮೇಲೆ ಮೂರು ಬಂದವು. ಒಂದು ಕುಂಬಾರ ಸಣ್ಣತಿಮ್ಮಪ್ಪನದು, ಎರಡು ಭಜನೆಯವರದು. ಮೊದಲಾದರೆ ವರ್ಷಕ್ಕೆ ನಾಲ್ಕು ಬಂದರೆ ದೊಡ್ಡದು, ಅದೂ ತಿದಿಗೆ ಚರ್ಮ ಹಚ್ಚುವ ಕೆಲಸ. ಈಗ ಬೆಳಿಗ್ಗೆ ನಮಾಜು ಮುಗಿಸಿ ಬಂದರೆ ಕಡ್ಡಿ ಕಚ್ಚಿಕೊಂಡು ಕೂತವನು ಊಟಕ್ಕೇ ಏಳುವುದು. ಕಿವಿ ಹೋದಂದಿನಿಂದ ಇಷ್ಟು ನೆಮ್ಮದಿ ಕಂಡಿರಲಿಲ್ಲ ಜಾಫರ್. ನೀನು ಮೊದಲ ಕಾಗದ ಬರೆದಾಗ ಬೈದೆನಲ್ಲ, ಅದನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಡ.

ಹುಸೇನ್ ಮಾಮು

*

ದಾವಣಗೆರೆ
9 ಡಿಸೆಂಬರ್ 1987

ಮಾಮುವಿಗೆ ಸಲಾಂ.

ಚಳಿ ಜಾಸ್ತಿಯಾಗಿದೆ, ಬೆಳಿಗ್ಗೆ ಬೇಗ ಅಂಗಡಿ ತೆಗೆಯಬೇಡಿ. ಪೆಟ್ಟಿಗೆಗಳನ್ನು ಅಷ್ಟೊಂದು ಒಪ್ಪಿಕೊಳ್ಳುವುದು ಯಾಕೆ? ಸ್ಟುಡಿಯೋ ಸ್ವರ ಯಂತ್ರಕ್ಕೆ ಸರಿ, ಭಜನೆಯವರಿಗೆ ಲಹರಿಯೇ ಚೆಂದ ಎಂದು ನನಗೆ ಈಗ ಅನ್ನಿಸುತ್ತಿದೆ. ನಿಮಗೂ ವಯಸ್ಸಾಯಿತು. ಇಲ್ಲಿ ನಮ್ಮ ಜೊತೆ ಬಂದು ಇರಬಹುದಲ್ಲ?

ಜಾಫರ್

*

ಹರಿಹರ
24 ಫೆಬ್ರವರಿ 1988

ಜಾಫರ್,

ನಿನ್ನ ಡಿಸೆಂಬರಿನ ಕಾಗದಕ್ಕೆ ಬೇಕೆಂದೇ ಉತ್ತರ ಬರೆದಿರಲಿಲ್ಲ. ಲಹರಿ ಬೇಡವೆಂದು ಕಾಡಿದವನು ನೀನು. ಈಗ ಲಹರಿಯೇ ಚೆಂದ ಅನ್ನುವವನೂ ನೀನು. ನಿನ್ನ ಯಂತ್ರಕ್ಕೆ ಸಿಕ್ಕ ಸ್ವರ ಬಡವರ ಭಜನೆಗೆ ಸಿಗಬಾರದೇ? ನಾಲ್ಕು ಜನ ನನ್ನನ್ನು ಕೇಳಿಕೊಂಡು ಬರುವುದು ನಿನಗೆ ಕಣ್ಣುರಿಯೇ? ಹಾಗಲ್ಲ ಎಂದು ಗೊತ್ತು. ಆದರೆ ಏನೆಂದು ತಿಳಿಯದೆ ಹೀಗೆಲ್ಲ ಯೋಚನೆ ಬರುತ್ತದೆ.

ಹೋದ ಅಮಾವಾಸ್ಯೆಗೆ ಮುಂಚೆ ಉಕ್ಕಡಗಾತ್ರಿಯ ಕೆಂಚವೀರಪ್ಪನ ಪೆಟ್ಟಿಗೆ ಮುಗಿಸಿ ಕೊಟ್ಟೆ. ಅವನ ಅಕ್ಕ ದುರುಗವ್ವ ನಲವತ್ತು ವರ್ಷದಿಂದ ಅಲ್ಲಿ ಭಜನೆಗೆ ಮುಂದಾಳು, ಅವಳೆತ್ತಿದ ಮೇಲೇ ಉಳಿದವರು ಎತ್ತುವುದು. ಕೊಟ್ರವ್ವನದು ಬಿಟ್ಟು ಅದರೊಂದಿಗೆ ಏಳಾಯಿತು. ಎಲ್ಲದರಲ್ಲೂ ಲಹರಿ ನಿಂತಿದೆ, ಒಂದರಲ್ಲೂ ತಪ್ಪಿಲ್ಲ. ಮುಂದಿನದು ಹಿದಾಯತ್‌ನ ಪೆಟ್ಟಿಗೆ, ರಂಜಾನ್‌ಗೆ ಮುಂಚೆ ಕೊಡುತ್ತೇನೆ ಎಂದಿದ್ದೇನೆ.

ಆರು ತಿಂಗಳಾಯಿತು, ಕೊಟ್ರವ್ವನ ಕ್ಯಾಸೆಟ್ಟು ಎಲ್ಲಿ? ನನಗೆ ಕೇಳುವುದಿಲ್ಲ ಎಂದು ಕಳಿಸಿಲ್ಲವೇ? ಮುಮಾನಿ ಕೇಳುತ್ತಾಳೆ, ಕೇಳಿ ನನಗೆ ಹೇಳುತ್ತಾಳೆ. ಅಷ್ಟು ಸಾಕು ನನಗೆ.

ಹುಸೇನ್ ಮಾಮು

*

ದಾವಣಗೆರೆ
20 ಮಾರ್ಚ್ 1988

ಮಾಮು,

ಈ ಕಾಗದವನ್ನು ಏಳೆಂಟು ಸಲ ಬರೆದು ಹರಿದಿದ್ದೇನೆ. ಇದನ್ನು ಹರಿಯುವುದಿಲ್ಲ. ಹಿದಾಯತ್‌ನ ಪೆಟ್ಟಿಗೆಯನ್ನು ಮುಟ್ಟಬೇಡಿ.

ಕೊಟ್ರವ್ವನ ಕ್ಯಾಸೆಟ್ಟು ಇಲ್ಲ. ಅವಳು ಒಂದು ಹಾಡನ್ನೂ ಮುಗಿಸದೆ ಎದ್ದು ಹೋದಳು. ನಿಮ್ಮ ಹಲ್ಲಿಗೆ ಅಲೆ ತಟ್ಟನೆ ನಿಂತಂತೆ ಅನ್ನಿಸಿತಲ್ಲ, ಎಷ್ಟೋ ಜೋಡಿಗಳಲ್ಲಿ ಅದು ನಿಂತದ್ದು ಎರಡೂ ಒಂದಾಗಿ ಅಲ್ಲ, ಒಂದು ಸತ್ತು. ಕಾನಸು ಆಳಕ್ಕೆ ಹೋಗಿ ರೀಡು ಬಾಗಿ ಪಟ್ಟಿಗೆ ಅಂಟಿಕೊಂಡಿದೆ. ಇನ್ನೊಂದು ಒಂಟಿಯಾಗಿ ನುಡಿಯುತ್ತದೆ. ಒಂಟಿ ರೀಡಿಗೆ ಅಲೆ ಎಲ್ಲಿಂದ ಬರಬೇಕು? ಉಳಿದವು ಉಜ್ಜಿ ಉಜ್ಜಿ ಸ್ವರ ಬಿಟ್ಟು ಏರಿವೆ. ಸ್ಯಾಂಪ್ಲರಿನಲ್ಲಿ ನಾನು ಗುಂಡಿ ತಿರುಗಿಸಿ ಎಲ್ಲವನ್ನೂ ಮುಚ್ಚಿದೆ, ಆದ್ದರಿಂದ ನನಗೆ ತಿಳಿಯಲಿಲ್ಲ. ಅಥವಾ ತಿಳಿಯುವುದು ನನಗೆ ಬೇಕಿರಲಿಲ್ಲ. ಮೆಷಿನ್ನಿಗೆ ಅದು ಚೆನ್ನಾಗಿತ್ತಲ್ಲ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಒಂದು ಸಾಲಿನ ಮೇಲೆ ಕಾಗದದ ಪಟ್ಟಿ ಅಂಟಿಸಿ ಮುಚ್ಚಿ, ಇನ್ನೊಂದನ್ನೇ ಹಿಡಿದಿದ್ದರೂ ನನಗೆ ಇದೇ ದನಿ ಸಿಗುತ್ತಿತ್ತು. ಆಮೇಲೆ ಕಾಗದ ಕಿತ್ತು ಪೆಟ್ಟಿಗೆಯನ್ನು ಹಾಗೇ ವಾಪಸ್ಸು ಕೊಡಬಹುದಿತ್ತು. ಎರಡೂ ಸಾಲಿನ ತುಂಬು ದನಿ ಬೇಕೆಂಬ ಆಸೆಗೆ ನನಗೆ ಅದು ಹೊಳೆಯಲೇ ಇಲ್ಲ. ಈಗ ಆ ಫ್ಲಾಪಿಯಿಂದ ವಾರಕ್ಕೆ ಒಂದು ಭಕ್ತಿಗೀತೆಯ ಕ್ಯಾಸೆಟ್ಟು ಮಾಡುತ್ತಿದ್ದೇನೆ. ಜನ ಮೆಚ್ಚುತ್ತಾರೆ.

ಹೇಳಬೇಡವೆಂದು ಕೊಟ್ರವ್ವ ಕಾಗದ ಬರೆದಿದ್ದಳು. ಆದರೆ ಸುಮ್ಮನಿದ್ದದ್ದು ನಾನು. ನಿಮಗೆ ನೋವಾಗಬಾರದೆಂದು ಸುಮ್ಮನಿದ್ದೆ ಮಾಮು. ಮಾಫ್ ಮಾಡಿ ಎಂದು ಕೇಳುವ ಮುಖವೂ ನನಗಿಲ್ಲ.

ಜಾಫರ್

*

ಹರಿಹರ
11 ಏಪ್ರಿಲ್ 1988

ಜಾಫರ್,

ನಿನ್ನ ಕಾಗದ ಓದಿ ಹಿದಾಯತ್‌ನ ಪೆಟ್ಟಿಗೆಯನ್ನು ಬಿಚ್ಚಿದೆ. ಅರ್ಧ ಮಾಡಿದ್ದೆ. ಒಂದೊಂದು ರೀಡನ್ನೂ ಕಳಚಿ ತುಟಿಗಿಟ್ಟು ಊದಿದೆ. ಜೀವ ಇರುವ ರೀಡು ತುಟಿಗೆ ಕಚಗುಳಿಯಿಡುತ್ತದೆ. ಆರು ರೀಡು ಇಡಲಿಲ್ಲ. ಇಷ್ಟು ಸುಲಭದ ಪರೀಕ್ಷೆಯನ್ನು ನಾನು ಯಾಕೆ ಮಾಡಲಿಲ್ಲವೆಂದರೆ ನನ್ನ ಕೈಯ ಮೇಲೆ ನನಗೆ ಅಷ್ಟು ಸೊಕ್ಕಿತ್ತು. ಅದು ನನ್ನ ತಪ್ಪು, ನಿನ್ನದಲ್ಲ. ಬೋರ್ಡು ಇಳಿಸಿದೆ.

ಕಾಗದದ ಪಟ್ಟಿಯ ವಿಷಯ ನನಗೂ ಹೊಳೆಯಬೇಕಿತ್ತು. ಅದನ್ನೂ ನಿನ್ನ ತಲೆಗೆ ಕಟ್ಟುವುದಿಲ್ಲ.

ಆದರೆ ಕೊಟ್ರವ್ವನ ಪೆಟ್ಟಿಗೆ ಹಾಳಾದದ್ದು ನಿನಗೆ ಸೆಪ್ಟೆಂಬರಿನಲ್ಲಿ ಗೊತ್ತಿತ್ತು. ಆಗ ಒಂದು ಕಾರ್ಡು ಬರೆದಿದ್ದರೆ ಅಲ್ಲಿಗೇ ನಿಲ್ಲುತ್ತಿತ್ತು. ಆಮೇಲೆ ಹಾಳಾದ ಏಳು ಪೆಟ್ಟಿಗೆಯ ಪಾಪ ಯಾರ ಪಾಲಿಗೆ? ನನಗೆ ನೋವಾಗಬಾರದೆಂದು ಅವರ ಪೆಟ್ಟಿಗೆಗಳನ್ನು ನನ್ನ ಕೈಗೆ ಬಿಟ್ಟೆ. ಇದನ್ನು ನಾನು ಮಾಫ್ ಮಾಡಲಾರೆ ಜಾಫರ್. ಮಾಡಿದೆ ಎಂದು ಬರೆದರೆ ನಾನೂ ನಿನ್ನ ಹಾಗೆಯೇ ಆಗುತ್ತೇನೆ.

ನಿನ್ನೆ ಉಕ್ಕಡಗಾತ್ರಿಗೆ ಹೋಗಿದ್ದೆ. ಮುಮಾನಿಯೂ ಬಂದಿದ್ದಳು, ಅವರ ಮಾತನ್ನು ನನ್ನ ಕಿವಿಗೆ ದಾಟಿಸಲು. ಕೆಂಚವೀರಪ್ಪ ಚಾಪೆ ಹಾಸಿದ, ಚಹಾ ತರಿಸಿದ. ನಿಮ್ಮ ಪೆಟ್ಟಿಗೆಯನ್ನು ನಾನು ಹಾಳು ಮಾಡಿದ್ದೇನೆ ಎಂದು ಹೇಳಿದೆ. ಅವನು ಪೆಟ್ಟಿಗೆಯನ್ನು ತಂದು ನಮ್ಮ ನಡುವೆ ಇಟ್ಟ. ಆಮೇಲೆ, "ನಮಗೂ ಏನೋ ಆಗೈತೆ ಅನಿಸ್ತಿತ್ತು ಸಾಬ್ರೇ. ಆದ್ರೆ ಹುಸೇನ್ ಸಾಬ್ರು ಇಟ್ಟ ಸ್ವರ ತಪ್ಪಂಗಿಲ್ಲ, ನಮ್ಮ ಕಿವೀನೇ ಕೆಟ್ಟಾವು ಅಂದ್ಕಂಡ್ವಿ" ಎಂದ.

ದುರುಗವ್ವ ಎಲ್ಲಿ ಎಂದು ಕೇಳಿದೆ. ಪೆಟ್ಟಿಗೆ ಬಂದ ವಾರವೇ, ಅವ್ವ ನೀನು ಸ್ವರ ಬಿಡುತ್ತೀಯ ಎಂದು ಎಲ್ಲರೂ ಸೇರಿ ಹೇಳಿದ್ದಾರೆ. ಅವಳು ಎರಡು ಸಲ ಪೆಟ್ಟಿಗೆಗೆ ಸರಿಯಾಗಿ ಹಾಡಲು ನೋಡಿ, ಆಮೇಲೆ ಭಜನೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಮನೆಯ ಹಿಂದೆ ಅಕ್ಕಿ ಆರಿಸುತ್ತ ಕೂತಿದ್ದಳು. ನಾನು ಎದುರಿಗೆ ಕೂತು ಹೇಳಿದೆ: ತಾಯಿ, ನಿನ್ನ ಸ್ವರ ಸರಿ ಇತ್ತು, ನನ್ನ ಪೆಟ್ಟಿಗೆ ತಪ್ಪು ನುಡಿಯಿತು, ನಾನು ಕಿವುಡ, ನನಗೆ ತಿಳಿಯಲಿಲ್ಲ.

ಅವಳು ಮೊರ ಕೆಳಗಿಟ್ಟು ನನಗೆ ಕೈ ಮುಗಿದಳು. ಏನೋ ಹೇಳಿದಳು. ಮುಮಾನಿ ಕಿವಿಗೆ ಬಾಯಿಟ್ಟು ಹೇಳಿದಳು: "ಎಷ್ಟು ದೊಡ್ಡ ಮನುಷ್ಯರು ಸಾಬ್ರೇ ನೀವು. ಈ ಮುದುಕಿ ಸಮಾಧಾನಕ್ಕೆ ಅಲ್ಲಿಂದ ಇಲ್ಲೀತನಕ ಬಂದು ಸುಳ್ಳು ಹೇಳ್ತೀರಲ್ಲ."

ಇನ್ನೊಮ್ಮೆ ಹೇಳಿದೆ, ಆಣೆ ಮಾಡಿ ಹೇಳಿದೆ. ನಗುತ್ತ ತಲೆ ಅಲ್ಲಾಡಿಸಿದಳು. ನಾವು ಎದ್ದು ಬರುವಾಗ ಮತ್ತೆ ಮೊರ ಎತ್ತಿಕೊಂಡಳು.

ಇನ್ನು ಆರು ಮನೆಗೆ ಹೋಗಬೇಕು. ನನಗೆ ಕಾಗದ ಬರೆಯಬೇಡ.

ಹುಸೇನ್ ಸಾಬ್